ಓತಿಕ್ಯಾತನ ಊಟ

ನನ್ನ ಗಂಡನ ಸ್ನೇಹಿತರೊಬ್ಬರು ಸಣ್ಣ ಫ್ಲ್ಯಾಟಿಗೆ ಮನೆ ಬದಲಿಸುವಾಗ, ತಾವು ಸಾಕಿದ್ದ ಇಗ್ವಾನವನ್ನು ನಮಗೆ ಕೊಟ್ಟುಹೋದರು. ಹಸಿರು ಮೈ, ಬೆನ್ನಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂಥ ಮುಳ್ಳು, ಮೈಗಿಂತ ಉದ್ದದ ಬಾಲ. ಚಾಮರಾಜಪೇಟೆಯ ನಮ್ಮ ಮನೆಯ ಹಜಾರದಲ್ಲಿದ್ದ ಹಳೆಯ ಗಾಜಿನ ಬೀರುವನ್ನು ಖಾಲಿ ಮಾಡಿ, ಒಳಗೆ ಸೀಬೆಯ ಕೊಂಬೆಯೊಂದನ್ನು ಅಡ್ಡ ಕಟ್ಟಿ, ಬೆಚ್ಚಗಿರಲೆಂದು ಬಲ್ಬು ಹಾಕಿ ಅದನ್ನು ಬಿಟ್ಟೆವು. ನನ್ನ ಅತ್ತೆ ಬಾಗಿಲಲ್ಲೇ ನಿಂತು ನೋಡಿದರು.

"ಇದೇನಿದು, ಇಷ್ಟುದ್ದದ ಓತಿಕ್ಯಾತ! ಏನ್ ತಿನ್ನತ್ತೆ?"

"ಬರೀ ಸೊಪ್ಪು, ಹೂವು, ತರಕಾರಿ ಅತ್ತೆ."

"ಹಲ್ಲಿ ಜಾತೀದು ಸೊಪ್ಪು ತಿನ್ನತ್ತಾ?" ಎಂದವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ನಂಬಲಿಲ್ಲ ಎಂಬುದು ನನಗೆ ಅಲ್ಲೇ ಗೊತ್ತಾಯಿತು.

ಊಟದ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ನುಗ್ಗೆಸೊಪ್ಪು ಬಿಡಿಸಿ, ಹಿತ್ತಿಲ ದಾಸವಾಳದ ಎಳೆ ಎಲೆ, ಹೂವು ಕಿತ್ತು, ಸಿಹಿಗುಂಬಳ ತುರಿದು, ಎಲ್ಲವನ್ನೂ ಸಣ್ಣಗೆ ಹೆಚ್ಚಿ ಸುಣ್ಣದಂಶದ ಪುಡಿ ಉದುರಿಸಿ ಇಡುತ್ತಿದ್ದೆ. ಪಾಲಕ್ ಕೊಡಬಾರದು, ಅದು ಮೈಗೆ ಸುಣ್ಣ ಸೇರಲು ಬಿಡುವುದಿಲ್ಲ ಎಂದು ಕೊಟ್ಟವರು ಹೇಳಿಹೋಗಿದ್ದರು. ಎಳೆಬಿಸಿಲಿಗೆ ತಾರಸಿಗೆ ಒಯ್ದು ಕೂರಿಸುತ್ತಿದ್ದೆವು. ದಾಸವಾಳದ ಹೂವೆಂದರೆ ಅದಕ್ಕೆ ಪ್ರಾಣ. ಕೆಂಪು ಎಸಳು ಬಾಯಿಯ ಆಚೀಚೆ ಇಣುಕುತ್ತಿರುವಾಗ ಕಣ್ಣು ಅರೆ ಮುಚ್ಚಿ ಅಗಿಯುತ್ತಿತ್ತು.

ಕೆಲವು ತಿಂಗಳಾದ ಮೇಲೆ ಅದು ತಟ್ಟೆಯನ್ನು ಮೂಸಿ ಬಿಡಲು ಶುರುಮಾಡಿತು. ಕೊಂಬೆ ಹತ್ತುವುದು ನಿಂತಿತು. ನನಗೆ ಮೊದಲು ಅನುಮಾನ ಬಂದದ್ದು ಸೊಪ್ಪಿನ ಮೇಲೆ. ಏನು ಔಷಧಿ ಹೊಡೆದಿದ್ದಾರೋ ಎಂದು ಉಪ್ಪುನೀರಲ್ಲಿ ನೆನೆಸಿ ತೊಳೆದೆ. ಸೊಪ್ಪು ಕೊಳ್ಳುವ ಜಾಗ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಮಲ್ಲೇಶ್ವರದಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರೊಬ್ಬರ ಹತ್ತಿರ ಬುಟ್ಟಿಯಲ್ಲಿಟ್ಟುಕೊಂಡು ಹೋದೆವು. ಅವರು ರಕ್ತ ಪರೀಕ್ಷೆ ಮಾಡಿಸಿ, "ಮನೇಲಿ ಇದಕ್ಕೆ ಮಾಂಸ, ಮೊಟ್ಟೆ ಏನಾದ್ರೂ ಹಾಕ್ತಿದೀರಾ?" ಎಂದು ಕೇಳಿದರು.

"ನಮ್ಮನೇಲಿ ಈರುಳ್ಳಿನೇ ಅಪರೂಪ ಡಾಕ್ಟ್ರೇ," ಎಂದರು ನನ್ನ ಗಂಡ.

"ಹಾಗಾದ್ರೆ ಯಾರೋ ಹಾಕ್ತಿದಾರೆ. ಇದರ ಹೊಟ್ಟೆ ಇರೋದೇ ಎಲೆ ಅರಗಿಸೋಕೆ. ಅದು ಬಿಟ್ಟು ಬೇರೆ ಬಿದ್ರೆ ಕಿಡ್ನಿಗೆ ಪೆಟ್ಟು."

ಬರುವಾಗ ಆಟೋದಲ್ಲಿ ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು. ಅವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು, ನಾನು ಅವರನ್ನು. ಆಫೀಸಿನ ಹತ್ತಿರ ಅವರು ಆಮ್ಲೆಟ್ ತಿನ್ನುವುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

"ನಾನಲ್ಲ ಕಣೆ," ಎಂದರು, ನಾನು ಕೇಳುವ ಮೊದಲೇ.

ಮನೆಗೆ ಬಂದವಳೇ ಮಹಡಿ ಹತ್ತಿದೆ. ಅಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳ ಗಂಡನಿಗೆ ಅಕ್ಕಿಪೇಟೆಯಲ್ಲಿ ಅಂಗಡಿ. ಅವರು ಮಾಂಸ ಮೊಟ್ಟೆ ತಿನ್ನುವವರು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿ, "ನೀನೇನಾದ್ರೂ ಹಾಕಿದ್ಯೇನಮ್ಮಾ?" ಎಂದೆ.

"ಅಯ್ಯೋ, ನಾನ್ಯಾಕಕ್ಕ ಹಾಕ್ಲಿ? ಅದ್ರ ಹತ್ರ ಹೋಗಕ್ಕೇ ಭಯ ನಂಗೆ." ಹೇಳುವಾಗ ಅವಳ ಕಣ್ಣು ನನ್ನ ಭುಜ ದಾಟಿ ಮೆಟ್ಟಿಲ ಕಡೆ ಹೋಯಿತು. ಏನೋ ನುಂಗಿಕೊಂಡಳು ಅನ್ನಿಸಿತು. ಕೆಳಗೆ ಅತ್ತೆ ಹೂ ಬಿಡಿಸುತ್ತಾ ಕೂತಿದ್ದರು.

ಆಗ ನನಗೆ ಇನ್ನೊಂದು ಹೊಳೆಯಿತು. ಎದ್ದ ಕೂಡಲೇ ಸ್ನಾನ ಮಾಡಿ ಮಡಿಯುಡುತ್ತಿದ್ದ ಅತ್ತೆ ಈಚೆಗೆ ನನ್ನ ಗಂಡ ಆಫೀಸಿಗೆ, ನಾನು ಅಂಗಡಿಗೆ ಹೋದ ಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. ಕೇಳಿದರೆ, "ಚಳಿ ಕಣೆ, ವಯಸ್ಸಾಯ್ತು" ಎನ್ನುತ್ತಿದ್ದರು. ಅದು ಬೇಸಿಗೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿಬರುತ್ತೇನೆಂದು ಚೀಲ ಹಿಡಿದು ಹೊರಟು, ಮೂಲೆಯಿಂದಲೇ ವಾಪಸು ಬಂದೆ. ಅತ್ತೆ ಬೀರುವಿನ ಮುಂದೆ ಕೂತಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಉದ್ದ ಹಿಡಿಯ ಸೌಟಿನಲ್ಲಿ ಬೇಯಿಸಿದ ಮೊಟ್ಟೆಯ ಚೂರನ್ನು ಅದರ ಬಾಯಿಗೆ ಹಿಡಿದಿದ್ದರು. ಜೀವಮಾನದಲ್ಲಿ ಮೊಟ್ಟೆ ಮುಟ್ಟದ ಕೈ. ನನ್ನ ಹೆಜ್ಜೆ ಸದ್ದಿಗೆ ತಿರುಗಿದರು.

ಅವರು ಬೆದರಲಿಲ್ಲ. "ನೋಡ್ದೆ ತಾನೆ? ಒಳ್ಳೇದಾಯ್ತು ಬಿಡು," ಎಂದರು. "ಗೋಡೆ ಮೇಲಿನ ಹಲ್ಲಿ ಹುಳ ತಿನ್ನೋದನ್ನ ಹುಟ್ಟಿದಾಗಿಂದ ನೋಡಿದೀನಿ. ಇದು ಅದರಣ್ಣ. ಮನೆಗೆ ಮೈಲಿಗೆ ಅಂತ ನೀವಿಬ್ರೂ ಸೇರಿ ಅದಕ್ಕೆ ಸೊಪ್ಪು ಹಾಕಿ ಸಾಯಿಸ್ತಿದೀರ. ನಮ್ಮ ಆಚಾರ ನಮಗೆ. ಬಾಯಿಲ್ಲದ ಪ್ರಾಣಿ ಮೇಲೆ ಯಾಕೆ ಹೇರ್ತೀರ? ಆ ಪಾಪ ಯಾರಿಗೆ?"

ಮಹಡಿಯವಳನ್ನು ಬೇಡಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡು ಅವಳ ಕೈಯಲ್ಲೇ ಮೊಟ್ಟೆ ಬೇಯಿಸಿಕೊಂಡು ತರುತ್ತಿದ್ದರಂತೆ. ತಿನ್ನಿಸಿದ ಮೇಲೆ ತಲೆಗೆ ಸ್ನಾನ. ನಾನು ಇಡೀ ಊರನ್ನು ಅನುಮಾನಿಸುತ್ತಿದ್ದಾಗ, ಅವರು ಮೊದಲ ದಿನದಿಂದಲೂ ನನ್ನನ್ನೇ ಅನುಮಾನಿಸಿದ್ದರು.

ಡಾಕ್ಟರು ಹೇಳಿದ್ದನ್ನು ಹೇಳಿದೆ. "ನಾನೇ ಬಂದು ಕೇಳ್ತೀನಿ," ಎಂದರು. ಬುಟ್ಟಿಯನ್ನೂ ಹಿಡಿದು ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂತವರೇ ಡಾಕ್ಟರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವು ಮಾಂಸ ತಿಂತೀರೇನಪ್ಪಾ?" ಎಂದರು. ನನಗೆ ನಾಚಿಕೆಯಾಯಿತು.

ಡಾಕ್ಟರು ನಕ್ಕರು. "ತಿಂತೀನಮ್ಮ. ಭಾನುವಾರ ಬಿರಿಯಾನಿ ಇಲ್ದೆ ಆಗಲ್ಲ ನಂಗೆ."

"ಹಾಗಾದ್ರೆ ಹೇಳಿ. ಇದು ನಿಜವಾಗ್ಲೂ ಸೊಪ್ಪು ತಿನ್ನೋದಾ, ಅಥವಾ ಇವಳು ತಿನ್ನಿಸ್ತಿರೋದಾ?"

"ಹುಟ್ಟಿದಾಗಿಂದ ಸೊಪ್ಪೇ ತಿನ್ನೋದಮ್ಮ. ಹಸು ಥರ ಅಂದ್ಕೊಳ್ಳಿ. ಹಸೂಗೆ ಮೊಟ್ಟೆ ಕೊಡ್ತೀರಾ?"

ಅತ್ತೆ ಕೈಬೆರಳುಗಳನ್ನು ನೋಡಿಕೊಂಡರು. ಆಮೇಲೆ ಬುಟ್ಟಿಯ ಮುಚ್ಚಳ ಸರಿಸಿ, ಮೊದಲ ಸಲ ಬರಿಗೈಯಲ್ಲಿ ಅದರ ಬೆನ್ನು ಮುಟ್ಟಿದರು.

ಅದು ಉಳಿಯಿತು. ಕಿಡ್ನಿ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಸೊಪ್ಪಿಗೆ ನೀರು ಚಿಮುಕಿಸಿಯೇ ಕೊಡುತ್ತೇವೆ. ಆ ಕೆಲಸ ಈಗ ಅತ್ತೆಯದು. ಸ್ನಾನ ಮತ್ತೆ ಬೆಳಗಿನ ಜಾವಕ್ಕೆ ಹೋಗಿದೆ. ದೇವರಿಗೆಂದು ಕಿತ್ತ ದಾಸವಾಳದಲ್ಲಿ ಒಂದೆರಡು ಬೀರುವಿಗೂ ಹೋಗುತ್ತವೆ. ಆದರೂ ಅದು ತಿನ್ನುವಷ್ಟು ಹೊತ್ತು ಅವರು ಎದುರಿನಿಂದ ಏಳುವುದಿಲ್ಲ. ಮೊನ್ನೆ ಅಡುಗೆಮನೆಯಿಂದ ಕೇಳಿಸಿಕೊಂಡೆ: "ಇಷ್ಟಪಟ್ಟು ತಿಂತಿದ್ಯೋ, ಇಲ್ಲಾ ವಿಧಿಯಿಲ್ದೆ ತಿಂತಿದ್ಯೋ? ನಿಜ ಹೇಳು, ಅವಳು ಒಳಗಿದಾಳೆ."