ಓಮುರ್ಜಾಕ್ ಕೊಟ್ಟ ಹುಲ್ಲು

ನನ್ನ ಮೈದುನ ಓಮುರ್ಜಾಕನಿಗೆ ಕುಡಿತವಿಲ್ಲ, ಜೂಜಿಲ್ಲ. ಇರುವುದು ಒಂದೇ ಚಟ, ಕೊಡುವುದು. ಬಂದ ನೆಂಟರು ಯಾವುದನ್ನಾದರೂ ನೋಡಿ ಚೆನ್ನಾಗಿದೆ ಎಂದರೆ ಮುಗಿಯಿತು, ಅವರು ಹೊರಡುವ ಹೊತ್ತಿಗೆ ಅದು ಅವರ ಕುದುರೆಯ ಮೇಲಿರಬೇಕು. ನಮ್ಮ ಕಿರ್ಗಿಜರಲ್ಲಿ ಇದು ಎಲ್ಲರೂ ನಡೆಸಿಕೊಂಡು ಬಂದ ಮರ್ಯಾದೆಯೇ. ಆದರೆ ಬುದ್ಧಿಯಿರುವವರು ಒಳ್ಳೆಯ ಸಾಮಾನನ್ನು ನೆಂಟರ ಕಣ್ಣಿಗೆ ಬೀಳದ ಹಾಗೆ ಇಡುತ್ತಾರೆ, ಇವನು ಎದುರಿಗೇ ತಂದು ಹರಡುತ್ತಾನೆ. ಹೀಗೆ ಬೆಳ್ಳಿ ಕಟ್ಟಿಸಿದ ಜೀನು ಹೋಯಿತು, ತೋಳದ ಮೇಲೆ ಬೀಳುತ್ತಿದ್ದ ನಾಯಿ ಹೋಯಿತು, ಒಮ್ಮೆ ನನ್ನ ಕಡಾಯಿಯ ಮುಚ್ಚಳವೂ ಹೋಯಿತು.

"ಮುಚ್ಚಳಾನ ಯಾರಾದ್ರೂ ಹೊಗಳ್ತಾರೇನೋ?" ಎಂದು ಕೇಳಿದೆ.

"ಹೊಗಳಿದ್ರಲ್ಲ ಅತ್ತಿಗೆ, ನಾನೇನ್ ಮಾಡ್ಲಿ" ಎಂದ.

ಮೈದುನನನ್ನು ಆಡಿಕೊಳ್ಳುವುದು ಅತ್ತಿಗೆಯ ಹಕ್ಕು, ನಾನು ಅದನ್ನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ. ನನ್ನ ಗಂಡ ತೀರಿಕೊಂಡ ಮೇಲೂ ಬೇಸಿಗೆಯ ಬೆಟ್ಟದ ಮೇಲೆ ಗುಡಾರದ ಒಲೆ ನನ್ನದೇ. ಓಮುರ್ಜಾಕನ ಹೆಂಡತಿ ಊರಿನಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವನು ಕುರಿ, ಚಮರೀಮೃಗಗಳನ್ನು ಕಾಯುತ್ತಾನೆ, ನಾನು ಹಾಲು ಕರೆಯುತ್ತೇನೆ, ಅವನನ್ನು ಬೈಯುತ್ತೇನೆ.

ಹೋದ ವರ್ಷ ಬೇಸಿಗೆಯ ನಡುವೆ ಬಿಷ್ಕೆಕ್‌ನಿಂದ ಸಬೀರಾ ಬಂದಳು. ನಲವತ್ತು ದಾಟಿದ ಹೆಂಗಸು, ಗಿಡಮರಗಳ ವಿಷಯ ಓದಿದವಳು. ಕುದುರೆಯಿಂದ ಇಳಿದು ಚಹಾವನ್ನೂ ಕುಡಿಯದೆ ಮೇಲಕ್ಕೆ ಹತ್ತಿದಳು. ನಮ್ಮ ಗುಡಾರದ ಮೇಲ್ಗಡೆ, ಪೊದೆಗಳೂ ಬೆಳೆಯಲಾರದ ಎತ್ತರದಲ್ಲಿ, ಬಡಗಣ ಇಳಿಜಾರಿನ ಹಿಮ ಬೇಸಿಗೆಯಿಡೀ ತೊಟ್ಟಿಕ್ಕುತ್ತದೆ. ಅದು ನೆನೆಸುವ ಜೌಗಿನಲ್ಲಿ ಗೇಣುದ್ದದ ಒಂದು ಜೇಕು ಹುಲ್ಲಿದೆ, ಕಪ್ಪು ತೆನೆಯದು. ಅದಕ್ಕೊಂದು ಹೆಸರಿಡುವ ಗೋಜಿಗೂ ನಾವು ಹೋದವರಲ್ಲ. ಸಬೀರಾ ಮೂರು ದಿನ ಅದರ ಮುಂದೆ ಮಂಡಿಯೂರಿ, ದಾರ ಕಟ್ಟಿ ಎಣಿಸಿದಳು.

"ಮೆಕ್ಕಾ ಈ ಕಡೆ ಇದೆ ಅಂತ ಆಕೆಗೆ ಹೇಳೋ" ಎಂದೆ.

"ಸುಮ್ನಿರಿ ಅತ್ತಿಗೆ, ನೆಂಟರು" ಎಂದ ಓಮುರ್ಜಾಕ್.

ಮೂರನೆಯ ಸಂಜೆ ಸಬೀರಾ ಚಹಾದ ಬಟ್ಟಲು ಹಿಡಿದು ಹೇಳಿದಳು: "ನಲವತ್ತೊಂದು ಬುಡ ಇದೆ ಅಕ್ಕ. ಇನ್ನೆರಡು ಕಡೆ ಇತ್ತಂತೆ. ಒಂದ್ಕಡೆ ರಸ್ತೆ ಬಂತು. ಇನ್ನೊಂದ್ಕಡೆ ಮೇಲಿನ ಹಿಮ ಎಲ್ಲ ಕರಗಿ ಜೌಗೇ ಒಣಗೋಯ್ತು. ಅಳಿದುಹೋಗೋ ಗಿಡಗಳ ಕೆಂಪು ಪುಸ್ತಕಕ್ಕೆ ಇದನ್ನ ಸೇರಿಸ್ಬೇಕು." ಆಮೇಲೆ ಓಮುರ್ಜಾಕನ ಕಡೆ ತಿರುಗಿ, "ಇದಕ್ಕಿಂತ ಚೆಂದದ್ದು ನಾನು ಕಂಡೇ ಇಲ್ಲ ಅಣ್ಣ" ಎಂದಳು.

ಆ ಮಾತು ಅವನ ಕಿವಿಗೆ ಬೀಳಬಾರದಿತ್ತು. ಆದರೂ ಹುಲ್ಲಲ್ಲವೇ, ಏನು ಮಹಾ ಎಂದುಕೊಂಡು ನಾನು ಪಾತ್ರೆ ತೊಳೆಯಲು ಎದ್ದೆ.

ಮಾರನೆಯ ಬೆಳಿಗ್ಗೆ ಸಬೀರಾ ಕುದುರೆಗೆ ಜೀನು ಬಿಗಿಯುತ್ತಿದ್ದಳು. ಓಮುರ್ಜಾಕ್ ಹೊಸ ಅಂಗಿ ತೊಟ್ಟು ಬಂದ. ಭುಜದ ಮೇಲೆ ಜೋಡಿ ಚೀಲ, ಎರಡರಿಂದಲೂ ನೀರು ಸೋರುತ್ತಿತ್ತು. ಕೊಟ್ಟಿಗೆಯ ಗೋಡೆ ಕಟ್ಟಲು ನಾವು ಹುಲ್ಲಿನ ನೆಲವನ್ನೇ ಇಟ್ಟಿಗೆಯ ಹಾಗೆ ಕೊಯ್ಯುತ್ತೇವೆ, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ನಲವತ್ತೊಂದು ಬುಡವನ್ನೂ ಬೇರು ಸಮೇತ ಅಚ್ಚುಕಟ್ಟಾಗಿ ಕೊಯ್ದು ತಂದಿದ್ದ. ಒಂದೂ ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಸಬೀರಾ ಚೀಲದೊಳಗೆ ನೋಡಿದಳು. ನೋಡಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಅಣ್ಣ, ಇದು ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ" ಎಂದಳು.

"ಅದಕ್ಕೇ ಅಲ್ವಾ ಕೊಟ್ಟಿದ್ದು? ಎಲ್ಲಾ ಕಡೆ ಸಿಗೋದನ್ನ ಯಾರು ಕೊಡ್ತಾರೆ ತಂಗಿ?"

ಅವಳು ಅಳಲು ಶುರು ಮಾಡಿದಳು. ಇವನು ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಕಲ್ಪಾಕ್ ಟೋಪಿ ಸರಿಮಾಡಿಕೊಂಡ. ನಾನೇ ಬಿಡಿಸಿ ಹೇಳಬೇಕಾಯಿತು, ಬಿಸಿಲೇರುವ ಮೊದಲು ಇವನ್ನು ಜೌಗಿಗೆ ಹಾಕದಿದ್ದರೆ ಈ ಹುಲ್ಲಿನ ವಂಶವೇ ಮುಗಿಯಿತು ಎಂದು. ಅವನ ಮುಖ ಕಪ್ಪಿಟ್ಟಿತು. ಆದರೂ ಚೀಲ ಮುಟ್ಟಲಿಲ್ಲ.

"ಕೊಟ್ಟಿದ್ದನ್ನ ವಾಪಸ್ ತಗೊಳೋದಾ? ಉಗುಳಿದ್ದನ್ನ ನೆಕ್ಕೋದಾ? ನನ್ನಪ್ಪನ ಹೆಸರಿಗೆ ಮಸಿ ಅತ್ತಿಗೆ."

ಬಿಸಿಲು ಆಗಲೇ ಗುಡಾರದ ಬಾಗಿಲಿಗೆ ಬಂದಿತ್ತು. ಸಬೀರಾ ಅಂಗಲಾಚಿದಳು, ಅವನು ಕೋಣದ ಹಾಗೆ ನಿಂತಿದ್ದ. ಆಗ ನನಗೊಂದು ಹೊಳೆಯಿತು. ಕೆಳಗಿನ ಊರಿನವರು ತಮ್ಮ ಕುರಿಗಳನ್ನು ಇವನ ಕೈಗೊಪ್ಪಿಸಿ ಹೋಗುತ್ತಾರೆ. ಕುರಿ ಅವರದು, ಕಾಯುವುದು ಇವನು. ಒಂದು ತಲೆ ಕಡಿಮೆಯಾದರೆ ತನ್ನ ಮಂದೆಯಿಂದ ತುಂಬಿಕೊಡಬೇಕು.

"ಸಬೀರಾ, ತಗೊಂಡೆ ಅನ್ನಮ್ಮ ಮೊದ್ಲು" ಎಂದೆ.

"ತಗೊಂಡೆ" ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಈಗ ಇವು ನಿನ್ನವು. ನಲವತ್ತೊಂದು ತಲೆ. ಕಾಯೋಕೆ ಇವನ ಕೈಗೊಪ್ಸಿ ಹೋಗು."

ಅವಳು ಹಾಗೇ ಮಾಡಿದಳು. ಓಮುರ್ಜಾಕ್ ಕುರಿ ಒಪ್ಪಿಸಿಕೊಳ್ಳುವಂತೆ ಒಂದೊಂದನ್ನೂ ಮುಟ್ಟಿ ಎಣಿಸಿಕೊಂಡು, ಹೊಸ ಅಂಗಿಯಲ್ಲೇ ಜೌಗಿಗೆ ಓಡಿದ. ಮೂವರೂ ಸೇರಿ ನೆಟ್ಟೆವು. ಆ ಬೇಸಿಗೆಯಲ್ಲಿ ಅವನು ಕುರಿಮರಿಗಿಂತ ಹೆಚ್ಚಾಗಿ ಆ ಹುಲ್ಲನ್ನು ನೋಡಿಕೊಂಡ. "ರಾತ್ರಿ ಹೊದಿಸ್ತೀಯೋ ಹೇಗೆ?" ಎಂದು ನಾನು ಆಡಿಕೊಳ್ಳುತ್ತಿದ್ದೆ.

ಈ ವರ್ಷ ಹಿಮ ಕರಗಿದಾಗ ಹನ್ನೆರಡು ಬುಡ ಕೊಳೆತಿದ್ದವು. ಇಪ್ಪತ್ತೊಂಬತ್ತು ಹಸಿರಾಗಿದ್ದವು.

ಸಬೀರಾ ಬರುವ ದಿನ ಅವನು ಗುಡಾರದ ಮುಂದೆ ಹನ್ನೆರಡು ಕುರಿ ಕಟ್ಟಿ ನಿಲ್ಲಿಸಿದ್ದ, ತನ್ನ ಮಂದೆಯ ಅತ್ಯುತ್ತಮ ಕುರಿಗಳು. ಅವಳು ಇಳಿಯುತ್ತಲೇ ಟೋಪಿ ತೆಗೆದು, "ಹನ್ನೆರಡು ಹೋದ್ವು ತಂಗಿ. ತಪ್ಪು ನಂದು. ಇವು ನನ್ನವೇ, ಹೊಡ್ಕೊಂಡು ಹೋಗು" ಎಂದ.

ಅವಳು ಬೈಯಲಿಲ್ಲ. "ಕುರಿಗೆ ಕುರಿ ಆಗುತ್ತೆ ಅಣ್ಣ. ಇದಕ್ಕೆ ಬದಲಿ ಇಲ್ಲ" ಎಂದಳು.

"ಹೊಸದು ಹುಟ್ಟಲ್ವಾ?"

"ಬೀಜ ಬಿದ್ದಿದೆ, ಹುಟ್ಬಹುದು. ಆದ್ರೆ ನಿಮ್ಮ ಚಮರಿಗಳು ನೀರಿಗೆ ಬಂದಾಗೆಲ್ಲ ಅಲ್ಲೇ ತುಳೀತವೆ. ಮೊಳಕೆ ಅದನ್ನ ತಡೆಯಲ್ಲ."

ಸುತ್ತಮುತ್ತ ಬೇರೆ ನೀರಿಲ್ಲ. ಆಚೆ ಕಣಿವೆಯಲ್ಲಿ ಒಂದು ತೊರೆಯಿದೆ, ಆದರೆ ಅಲ್ಲಿ ಬರೀ ಕಲ್ಲು, ಗಾಳಿ. ಅಲ್ಲಿಗೆ ಹೋದರೆ ಹಾಲು ಅರ್ಧಕ್ಕಿಳಿಯುತ್ತದೆ. ನಾನು ಮದುವೆಯಾಗಿ ಬಂದು ಮೂವತ್ತೆಂಟು ಬೇಸಿಗೆ ಕಳೆದದ್ದು ಈ ಜಾಗದಲ್ಲೇ, ನನ್ನ ಇಬ್ಬರು ಮಕ್ಕಳು ಹುಟ್ಟಿದ್ದೂ ಇಲ್ಲೇ. ಓಮುರ್ಜಾಕ್ ಆ ದಿನವಿಡೀ ಜೌಗಿನ ಅಂಚಿನಲ್ಲಿ ಕುಳಿತಿದ್ದ, ಊಟಕ್ಕೂ ಬರಲಿಲ್ಲ.

ಮರುದಿನ ಸಬೀರಾ ಹೊರಟ ಮೇಲೆ ಒಳಗೆ ಬಂದು ಒಲೆಯ ಹತ್ತಿರ ನಿಂತ.

"ಅತ್ತಿಗೆ, ಆಚೆ ಕಣಿವೆಗೆ ಹೋಗೋಣ್ವಾ? ನೀವು ಬೇಡ ಅಂದ್ರೆ ಬೇಡ."

ಇಷ್ಟು ವರ್ಷದಲ್ಲಿ ಏನನ್ನಾದರೂ ಕೊಡುವ ಮೊದಲು ಅವನು ನನ್ನನ್ನು ಕೇಳಿದ್ದು ಇದೊಂದೇ ಸಲ. ಕೊಂಕು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಯಾಕೋ ಹೊರಗೆ ಬರಲಿಲ್ಲ.

"ಮೊದ್ಲು ಒಲೆ ಆರ್ಸು" ಎಂದು ಹೊರಗೆ ಹೋಗಿ ಗುಡಾರದ ಹಗ್ಗ ಬಿಚ್ಚತೊಡಗಿದೆ. ಬಿಚ್ಚುತ್ತಾ ಕಣ್ಣೀರು ಹಾಕಿದೆ, ಸುಳ್ಳೇಕೆ ಹೇಳಲಿ. ಅವನು ಬಂದು ಇನ್ನೊಂದು ಕಡೆಯ ಹಗ್ಗಕ್ಕೆ ಕೈ ಹಾಕಿದ.