ಮೂವತ್ತೊಂದು ಮನೆಗಳ ಹಿಂಬಾಗಿಲು

ಪರ್ಕಳದ ಮೂವತ್ತೊಂದು ಮನೆಗಳನ್ನು ನನ್ನ ಅಮ್ಮ ಹಿಂದಿನಿಂದ ಬಲ್ಲಳು. ಯಾರ ಮನೆಯ ಒಗೆಯುವ ಕಲ್ಲು ಬಿರುಕು ಬಿಟ್ಟಿದೆ, ಯಾರ ಬಾಳೆ ಗೊನೆ ಹಾಕಿದೆ, ಯಾವ ಬೆಕ್ಕು ಬೂತಾಯಿಯ ತಲೆಗಾಗಿ ಕಾದು ಕೂತಿರುತ್ತದೆ, ಎಲ್ಲವೂ ಗೊತ್ತು. ಇಪ್ಪತ್ತೆರಡು ವರ್ಷ ಮೀನಿನ ಬುಟ್ಟಿ ಹೊತ್ತು, ಮುರಕಲ್ಲಿನ ಮೆಟ್ಟಿಲು ಹತ್ತಿ, ಬೇಲಿಯ ಸಂದು ದಾಟಿ ಆಕೆ ಆ ಮನೆಗಳ ಅಡುಗೆಮನೆಯ ಬಾಗಿಲಿಗೆ ಹೋಗಿದ್ದಾಳೆ.

ಅಮ್ಮನ ಹೆಸರು ಸರಸ. ನಮ್ಮ ಮನೆ ಮಲ್ಪೆಯಲ್ಲಿ. ಅಪ್ಪ ದೇಜಪ್ಪ ಬಂದರಿನಲ್ಲಿ ಹರಿದ ಬಲೆ ಹೆಣೆಯುತ್ತಿದ್ದರು. ಬೆಳಗಿನ ಏಲಂ ಮುಗಿದ ಕೂಡಲೇ ಅಮ್ಮನನ್ನೂ ಬುಟ್ಟಿಯನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಪರ್ಕಳದ ಒಂದು ಮಾವಿನ ಮರದ ಬುಡದಲ್ಲಿ ಇಳಿಸಿ, ಮತ್ತೆ ಬಲೆಗೆ ಮರಳುತ್ತಿದ್ದರು. ಮೀನಿನ ನೀರು ಸೋರುತ್ತದೆಂದು ಬಸ್ಸಿನವರು ಗೊಣಗುತ್ತಿದ್ದುದರಿಂದ ಶುರುವಾದ ಸವಾರಿ ಅದು. ಇಬ್ಬರೂ ದಾರಿಯುದ್ದಕ್ಕೂ ಎಂತ ಮಾತಾಡುತ್ತಿದ್ದರೋ ನಾನು ಕೇಳಲೇ ಇಲ್ಲ.

ಕಳೆದ ಫೆಬ್ರವರಿಯಲ್ಲಿ ಅಪ್ಪ ಹೆಣೆಯುತ್ತಿದ್ದ ಬಲೆಯ ಮೇಲೆಯೇ ಒರಗಿದವರು ಮತ್ತೆ ಏಳಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಯೋಗೀಶಣ್ಣ, ನಿದ್ದೆ ಹತ್ತಿರಬೇಕೆಂದು ಸ್ವಲ್ಪ ಹೊತ್ತು ಎಬ್ಬಿಸಲಿಲ್ಲವಂತೆ.

ಮನೆಮನೆಗೆ ಮೀನು ಮಾರುವ ನಮ್ಮ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳ ಮನೆಗಳಿಗೆ ಇನ್ನೊಬ್ಬಳು ಕಾಲಿಡುವಂತಿಲ್ಲ. ಸಾವೋ ಬಾಣಂತನವೋ ಬಂದು ಒಬ್ಬಳು ಮನೆಯಲ್ಲಿ ಉಳಿದರೆ ಗೆಳತಿ ಆ ಮನೆಗಳನ್ನು ನೋಡಿಕೊಳ್ಳುತ್ತಾಳೆ. ಆದರೆ ಬಾಗಿಲಲ್ಲಿ ನಿಂತು ಇವು ಯಾರ ಮನೆಗಳೆಂದು ಹೇಳಲೇಬೇಕು. ಅಮ್ಮನ ಗೆಳತಿ ಕಮಲಕ್ಕ ತಿಂಗಳುಗಟ್ಟಲೆ ಪರ್ಕಳದಲ್ಲಿ, "ಇದು ಸರಸಕ್ಕನ ಮನೆ, ನಾನು ಕಾಯುವುದು ಮಾತ್ರ" ಎಂದು ಹೇಳುತ್ತಲೇ ಮೀನು ಕೊಟ್ಟಳು.

ಜುಲೈಯಲ್ಲಿ ಅವಳು ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತಳು.

"ಸರಸಕ್ಕ, ಬೆಳ್ಮಣ್ಣಿನಲ್ಲಿ ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂತು. ಚೌತಿಯ ನಂತರ ನನಗೆ ಆಗುವುದಿಲ್ಲ. ಆ ಮೀನಿನ ವ್ಯಾಪಾರಿ ರೋನಿ ನಿನ್ನ ಮನೆಗಳನ್ನು ಈಗಲೇ ಕೇಳ್ತಾ ಇದ್ದಾನೆ, ಪಿಕಪ್‌ನಲ್ಲಿ ಮೈಕ್ ಕಟ್ಟಿಕೊಂಡು ಬರ್ತಾನಂತೆ."

"ಮೈಕಿನಲ್ಲಿ ಮೀನು ಮಾರುವುದಾ? ಬೆಕ್ಕು ಓಡಿಹೋದೀತು."

"ನಗಾಡಬೇಡ ಮಾರಾಯ್ತಿ. ನೀನು ಬಾರದಿದ್ದರೆ ಮನೆಗಳು ಹೋದವು."

ಅಮ್ಮ ತನ್ನ ಬಲ ಮಂಡಿಯನ್ನು ನೋಡಿಕೊಂಡಳು. ಅದು ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಕಮಲಕ್ಕ ಹೋದ ಮೇಲೆ ನನ್ನ ಕಡೆ ತಿರುಗಿ, "ನಿನಗೆ ಸ್ಕೂಟರ್ ಬರ್ತದಲ್ವಾ?" ಎಂದಳು.

ನಾನು ಕಾಪುವಿನ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೆ. ಕಲಿಯುವುದು ನನ್ನ ಕೆಲಸ, ದುಡಿಯುವುದು ಅಮ್ಮನ ಕೆಲಸ ಎಂದುಕೊಂಡಿದ್ದೆ. ಆ ಮಳೆಗಾಲದಲ್ಲಿ ಬಲೆ ಹರಡುವ ಬಯಲಿನಲ್ಲಿ, ಎಲ್ ಬೋರ್ಡಿನ ಹಳೆಯ ಸ್ಕೂಟರಿನ ಹಿಂದೆ ನಾನು ಓಡುತ್ತಿದ್ದೆ. ಐವತ್ತೆರಡರ ಅಮ್ಮ ಸೀರೆ ಸೆಕ್ಕಿಕೊಂಡು ಸುತ್ತು ಹಾಕುತ್ತಿದ್ದಳು. ಬಲೆಗಳ ನಡುವೆ ಕೂತ ಯೋಗೀಶಣ್ಣ ಕೂಗುತ್ತಿದ್ದರು, "ಸರಸಕ್ಕ, ಬಲೆಗೆ ಬಿದ್ದರೆ ಏಲಂ ಮಾಡಿಬಿಡ್ತೇವೆ!"

"ನನ್ನನ್ನು ಕೊಳ್ಳುವಷ್ಟು ತಾಕತ್ತು ಈ ಬಂದರಿನಲ್ಲಿ ಯಾರಿಗುಂಟು?" ಎಂದು ಅಮ್ಮ ಅಂದಳು. ಫೆಬ್ರವರಿಯ ನಂತರ ಅವಳು ಗಟ್ಟಿಯಾಗಿ ನಕ್ಕದ್ದು ಅಂದೇ.

ಚೌತಿ ಕಳೆದು ಅಮ್ಮ ಮತ್ತೆ ಪರ್ಕಳಕ್ಕೆ ಹೊರಡುವ ಮೊದಲ ದಿನ ಜೊತೆಗೆ ಬರುತ್ತೇನೆಂದಿದ್ದ ಕಮಲಕ್ಕ, ಮಗಳಿಗೆ ನೋವು ಬೇಗ ಶುರುವಾಗಿ, ಹಿಂದಿನ ದಿನವೇ ಬೆಳ್ಮಣ್ಣಿಗೆ ಹೋಗಿಬಿಟ್ಟಳು. ನಾವಿಬ್ಬರೇ ಹೊರಟೆವು. ಬಂಗುಡೆಯ ಟಬ್ಬನ್ನು ಕಾಲ ಬಳಿ ಇಟ್ಟು, ಅಪ್ಪನ ಚೀಲದಲ್ಲಿ ಉಳಿದಿದ್ದ ಹಸಿರು ಬಲೆನೂಲಿನಿಂದ ಅಮ್ಮ ಬಿಗಿದಳು. ಮಣಿಪಾಲದ ಏರು ಹತ್ತಿ ಪರ್ಕಳ ಮುಟ್ಟಿದೆವು. ಮಾವಿನ ಮರ ಬಂದಾಗ ಅವಳ ಕೈ ತಾನಾಗಿ ಬ್ರೇಕು ಹಿಡಿಯಿತು. ಮತ್ತೆ ಹೊರಟಳು.

ಡಾಂಬರು ರಸ್ತೆಯಲ್ಲಿ ಒಂದು ತಿರುವು, ಇನ್ನೊಂದು ತಿರುವು. ಗೇಟುಗಳು, ತುಳಸಿಕಟ್ಟೆಗಳು, ಕಾರು ನಿಂತ ಅಂಗಳಗಳು. ಅಮ್ಮ ಸ್ಕೂಟರ್ ನಿಲ್ಲಿಸಿದಳು.

"ಇದು ಯಾವ ಊರು ಮಗಾ?"

"ಪರ್ಕಳವೇ ಅಮ್ಮ."

"ಅಲ್ಲ. ನನ್ನ ಮನೆಗಳು ಎಲ್ಲಿ?"

ಆಗ ನನಗೆ ಹೊಳೆಯಿತು. ಒಂದು ಮನೆಯ ಮುಂಬಾಗಿಲನ್ನೂ ಅಮ್ಮ ನೋಡಿಯೇ ಇರಲಿಲ್ಲ. ಕಾಲುದಾರಿ ಬಿಟ್ಟು ರಸ್ತೆಗೆ ಬಂದದ್ದೇ, ಇಪ್ಪತ್ತೆರಡು ವರ್ಷದ ಊರು ಅವಳಿಗೆ ಬೆನ್ನು ತಿರುಗಿಸಿ ನಿಂತಿತ್ತು. ಟಬ್ಬಿನಲ್ಲಿ ಐಸು ಕರಗುತ್ತಿತ್ತು. ಸೀಟಿನ ಮೇಲೆ ಕೂತೇ ಅವಳು ಮುಖ ಒರೆಸಿಕೊಂಡಳು. ಬೆವರೋ ಬೇರೆಯೋ, ನಾನು ನೋಡಲು ಹೋಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ, "ನಿನ್ನ ಕಾಲು ಗಟ್ಟಿ ಉಂಟಲ್ಲ? ಆ ಮನೆಯ ಹಿಂದೆ ಹೋಗಿ ಎಂತ ಕಾಣ್ತದೆ ಹೇಳು" ಎಂದಳು.

ನಾನು ಗೋಡೆಯ ಬದಿಯಿಂದ ಹಿಂದಕ್ಕೆ ನುಸುಳಿ ಅಲ್ಲಿಂದಲೇ ಕೂಗಿದೆ. "ಒಗೆಯುವ ಕಲ್ಲು ಉಂಟು. ಪಕ್ಕದಲ್ಲಿ ಬಸಳೆ ಚಪ್ಪರ. ಒಂದು ಕಿವಿ ಹರಿದ ಬೆಕ್ಕು."

"ಬರ್ತಾಬಾಯಿ ಮನೆ!" ಅಮ್ಮನ ಕೂಗಿಗೆ ಮುಂಬಾಗಿಲೇ ತೆರೆಯಿತು. ಎಪ್ಪತ್ತರ ಬರ್ತಾಬಾಯಿ ಸೌಟು ಹಿಡಿದುಕೊಂಡೇ ಬಂದರು.

"ಯಾರೋ ನೆಂಟರು ಅಂದುಕೊಂಡೆ! ನೀನು ಈ ಬಾಗಿಲಿಗೆ ಯಾವಾಗಿಂದ?"

"ಮಂಡಿ ಹೇಳಿತು ಬಾಯಿ, ಇನ್ನು ಎದುರಿನಿಂದ ಹೋಗು ಅಂತ."

ಬರ್ತಾಬಾಯಿ ಅಪ್ಪನ ಬಗ್ಗೆ ಎಂತದೂ ಕೇಳಲಿಲ್ಲ. ಬಂಗುಡೆ ಆರಿಸುತ್ತಾ ಒಮ್ಮೆ ಅಮ್ಮನ ಕೈಯನ್ನು ಹಿಡಿದು, ಮೀನಿನ ಕೈಯೆಂದೂ ನೋಡದೆ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡರು.

ಹೊರಡುವಾಗ ಅಮ್ಮ ಬಲೆನೂಲಿನ ಒಂದು ತುಂಡು ಕತ್ತರಿಸಿ ಗೇಟಿನ ಸರಳಿಗೆ ಕಟ್ಟಿದಳು. ಅಪ್ಪ ಹಾಕುತ್ತಿದ್ದ ಗಂಟು, ಎಳೆದಷ್ಟೂ ಬಿಗಿಯಾಗುವಂಥದ್ದು. "ನಾಳೆ ಗುರುತು ಸಿಗಬೇಕಲ್ಲ" ಎಂದಳು, ನಾನು ಕೇಳುವ ಮೊದಲೇ.

ಹೀಗೆ ನಾನು ಹಿತ್ತಿಲುಗಳಿಂದ ಕೂಗುತ್ತಾ ಹೋದೆ, ಅಮ್ಮ ರಸ್ತೆಯಿಂದ ಹೆಸರು ಹೇಳುತ್ತಾ ಬಂದಳು. ಎರಡು ಕಡೆ ನಾಯಿ ಅಟ್ಟಿಸಿತು, ಒಂದು ಕಡೆ ಕಳ್ಳಿಯೆಂದು ಬೈದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಗೇಟುಗಳಲ್ಲಿ ಹಸಿರು ನೂಲು ಕೂತಿತ್ತು. ಏರಿನ ಮೇಲಿನ ಐದು ಮನೆ ಸಿಗಲಿಲ್ಲ.

ಸಂಜೆ ಅಮ್ಮ ಬೆಳ್ಮಣ್ಣಿಗೆ ಫೋನ್ ಮಾಡಿದಳು. ಕಮಲಕ್ಕನಿಗೆ ಮೊಮ್ಮಗಳು ಹುಟ್ಟಿದ್ದಳು. ಆ ಸಂಭ್ರಮವೆಲ್ಲ ಮುಗಿದ ಮೇಲೆ ಅಮ್ಮ ಕೇಳಿದಳು, "ಆ ಮೇಲಿನ ಐದು ಮನೆ ಎದುರಿನಿಂದ ಹೇಗೆ ಕಾಣ್ತದೆ, ಹೇಳು."

ಆ ಕಡೆಯಿಂದ ಕಮಲಕ್ಕ ಕೂಗಿದಳು, "ನನಗೆ ಹೇಗೆ ಗೊತ್ತು ಮಾರಾಯ್ತಿ? ನಾನೂ ಹಿಂದಿನಿಂದಲೇ ಹೋದವಳಲ್ವಾ!"

ಇಬ್ಬರೂ ಎಷ್ಟು ನಕ್ಕರೆಂದರೆ ಬೆಳ್ಮಣ್ಣಿನಲ್ಲಿ ಮಗು ಎಚ್ಚರಗೊಂಡು ಅತ್ತಿತು.

ಫೋನ್ ಇಟ್ಟ ಅಮ್ಮ ಅಪ್ಪನ ಚೀಲವನ್ನು ಮಡಿಲಿಗೆಳೆದುಕೊಂಡು, ನೂಲಿನ ಉಂಡೆ ಬಿಚ್ಚಿ, ಗೇಣು ಅಳೆದು ಐದು ತುಂಡು ಕತ್ತರಿಸಿದಳು. ಸೊಂಟದ ಚೀಲಕ್ಕೆ ಸೇರಿಸುತ್ತಾ ನನಗೆ ಹೇಳಿದಳು, "ನೀನು ನಾಳೆ ಕಾಲೇಜಿಗೆ ಹೋಗು. ರಜೆ ಹಾಕಬೇಡ. ಬರ್ತಾಬಾಯಿಯ ಮೊಮ್ಮಗ ಬಂದು ಆ ಐದು ಮನೆಯ ಹಿತ್ತಿಲು ನೋಡಿ ಹೇಳ್ತಾನಂತೆ."