ಹೊದಿಕೆ ಸರಿಸಿ ನೋಡು

ಆ ಆಸ್ಪತ್ರೆಯಲ್ಲಿ ದೊಡ್ಡಕ್ಕ ಅಂದರೆ ಯಾರೆಂದು ಗೇಟು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ಆಪರೇಷನ್ ಆದವರ ವಾರ್ಡಿಗೆ ಹೊಸ ನರ್ಸಾಗಿ ಬಂದವಳು ಅದೇ ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದಳು. ಅವಳ ಮನೆತನದಲ್ಲಿ ಅದಕ್ಕೂ ಮೊದಲು ಹೆಣ್ಣುಮಕ್ಕಳು ಯಾರೂ ಸಂಬಳದ ಕೆಲಸಕ್ಕೆ ಹೋದವರಲ್ಲ. "ಕಂಡವರ ಮೈ ತೊಳೆಯೋದೂ ಒಂದು ಕೆಲಸಾನಾ?" ಎಂದು ಮೂಗು ಮುರಿದಿದ್ದ ಚಿಕ್ಕಪ್ಪ, ಹಾಸಿಗೆ ಹಿಡಿದ ಮೇಲೆ ಅವಳಲ್ಲದೆ ಬೇರೆ ಯಾರೂ ತನ್ನ ಮೈ ಮುಟ್ಟಕೂಡದೆಂದು ಹಟ ಹಿಡಿದ. ಇದನ್ನು ಹೇಳುವಾಗ ದೊಡ್ಡಕ್ಕನ ಮುಖ ನೋಡಬೇಕು. ಹೆಮ್ಮೆಯನ್ನು ಸೆರಗಿನಡಿ ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಯಾಕಾದರೂ ಮುಚ್ಚಿಡಬೇಕು, ಹೇಳಿ?

ಅವಳ ಕೈಕೆಳಗೆ ಕಲಿತವರಿಗೆ ಮೊದಲ ಪಾಠ ಉಸಿರು ಎಣಿಸುವುದು. ಎಣಿಸುತ್ತೇನೆಂದು ರೋಗಿಗೆ ಹೇಳಕೂಡದು. ಹೇಳಿದರೆ ಪಾಪ, ಅವರು ಪರೀಕ್ಷೆಗೆ ಕೂತವರ ಹಾಗೆ ಉಸಿರಾಡಲು ಶುರುಮಾಡುತ್ತಾರೆ. ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು, ಕಣ್ಣನ್ನು ಮಾತ್ರ ಎದೆಯ ಏರಿಳಿತದ ಮೇಲಿಡಬೇಕು. ಹೊದಿಕೆ ಇದ್ದರೆ ಸರಿಸಬೇಕು. ನಿಮಿಷ ಪೂರ್ತಿ ಎಣಿಸಬೇಕು.

ಒಮ್ಮೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಇಷ್ಟೆಲ್ಲ ತಾಪತ್ರಯ ಯಾಕೆಂದು ಒಂದಿಡೀ ಸಾಲಿನ ರೋಗಿಗಳಿಗೆ 'ಇಪ್ಪತ್ತು' ಎಂದು ಬರೆದು ಕೈತೊಳೆದುಕೊಂಡಳು. ಚಾರ್ಟು ನೋಡಿದ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಏನೇ, ಇವರೆಲ್ಲ ಸೇರಿ ಭಜನೆ ಮಾಡ್ತಿದ್ದಾರಾ, ಒಂದೇ ತಾಳಕ್ಕೆ ಉಸಿರಾಡೋಕೆ?"

ಹುಡುಗಿ ಬಗ್ಗಿ ಚಾರ್ಟು ನೋಡಿದಳು.

"ಅದಿರಲಿ. ಆ ಮೂಲೆ ಮಂಚದವನು ಬೆಳಿಗ್ಗೇನೇ ಗಂಟುಮೂಟೆ ಕಟ್ಕೊಂಡು ಮನೆಗೆ ಹೋದ. ಅವನಿಗೂ ಇಪ್ಪತ್ತಾ? ಬರೀ ದಿಂಬು ಉಸಿರಾಡ್ತಿತ್ತಾ?"

ವಾರ್ಡಿಗೆ ವಾರ್ಡೇ ಗೊಳ್ಳೆಂದಿತು. ಹೊಲಿಗೆ ಹಾಕಿಸಿಕೊಂಡವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿ ಬೆಡ್‌ಶೀಟುಗಳ ಕಪಾಟಿನ ಹಿಂದೆ ನಿಂತು ಅತ್ತಳು. ಅತ್ತು ಮುಗಿಯುವವರೆಗೆ ಕಾದ ದೊಡ್ಡಕ್ಕ, ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಡೀ ಸಾಲನ್ನು ಮತ್ತೆ ಎಣಿಸುವಂತೆ ಮಾಡಿದಳು. ಅಂದಿನಿಂದ ಅವಳ ಹೆಸರು ಇಪ್ಪತ್ತು ಎಂದೇ ಆಯಿತು. ಮುಂದೆ ಅದೇ ವಾರ್ಡಿನಲ್ಲಿ ಕೆಲಸ ಖಾಯಂ ಆದಾಗಲೂ ಹೆಸರು ಅವಳನ್ನು ಬಿಡಲಿಲ್ಲ.

ದೊಡ್ಡಕ್ಕ ನಿವೃತ್ತಳಾದ ಮೇಲೆ ಅವಳ ಯಜಮಾನರು ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಬಸ್ಸಿನ ಕಂಡಕ್ಟರಾಗಿದ್ದ ಮನುಷ್ಯ. ದನಿಯೆಂದರೆ ಮೂರು ಬೀದಿಗೆ ಕೇಳುವಂಥದು. ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು, ಅವಳ ಹಳೆಯ ವಾರ್ಡಿಗೇ ತಂದು ಮಲಗಿಸಿದರು. ಆದರೆ ನೋವಿಗೆ ಒದ್ದಾಡಿ ಅವರೂ ಮಲಗಲಿಲ್ಲ, ಅವಳನ್ನೂ ಮಲಗಗೊಡಲಿಲ್ಲ. ಮರುದಿನ ಡಾಕ್ಟರು ಡ್ರಿಪ್ಪಿನಲ್ಲಿ ಬಲವಾದ ನೋವಿನ ಔಷಧಿ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ನರಳಾಟ ನಿಂತು ಅವರ ಕಣ್ಣು ಮುಚ್ಚಿತು. ದೊಡ್ಡಕ್ಕನಿಗೆ ಹೋದ ಜೀವ ಬಂದಂತಾಯಿತು. ಕಿಟಕಿಯ ಪರದೆ ಎಳೆದಳು. ಗಂಡನಿಗೆ ಕುತ್ತಿಗೆವರೆಗೆ ಹೊದಿಕೆ ಹೊದೆಸಿ ಸ್ಟೂಲಿನ ಮೇಲೆ ಕೂತಳು.

ಅಷ್ಟರಲ್ಲಿ ಇಪ್ಪತ್ತು ಬಂದಳು.

"ಶ್! ಈಗ ತಾನೆ ನಿದ್ದೆ ಹತ್ತಿದೆ. ಆಮೇಲೆ ಬಾರೇ," ಎಂದಳು ದೊಡ್ಡಕ್ಕ. ಗಂಡನ ಬೆರಳಿಗೆ ಸಿಕ್ಕಿಸಿದ್ದ, ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪಿನ ಯಂತ್ರವನ್ನು ತೋರಿಸಿದಳು. "ನೋಡು, ಎಲ್ಲಾ ಸರಿಯಾಗೇ ಇದೆ."

ಇಪ್ಪತ್ತು ಯಂತ್ರದ ಕಡೆ ತಿರುಗಲಿಲ್ಲ. ಯಜಮಾನರ ಮುಖ ನೋಡಿದಳು. ಮಣಿಕಟ್ಟು ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಹೊದಿಕೆಯನ್ನು ಹೊಟ್ಟೆಯವರೆಗೆ ಸರಿಸಿದಳು.

"ಅಯ್ಯೋ, ಎಬ್ಬಿಸಬೇಡ ಕಣೇ! ಎಷ್ಟು ಹೊತ್ತು ಒದ್ದಾಡಿದ್ದಾರೆ ಗೊತ್ತಾ?"

ಇಪ್ಪತ್ತು ಎಣಿಸುತ್ತಿದ್ದಳು. ದೊಡ್ಡಕ್ಕನ ಕಣ್ಣೂ ಅಭ್ಯಾಸಬಲದಿಂದ ಗಂಡನ ಎದೆಯ ಮೇಲೆ ಹೋಯಿತು. ಎದೆ ಏರಿತು, ಇಳಿಯಿತು. ಮತ್ತೆ ಏರಲೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ, ಮನಸ್ಸಿಲ್ಲದವರ ಹಾಗೆ ಇನ್ನೊಮ್ಮೆ ಏರಿತು.

"ಅಂಕಲ್! ಕಣ್ಣು ಬಿಡಿ! ಅಂಕಲ್!" ಇಪ್ಪತ್ತು ಭುಜ ಹಿಡಿದು ಜೋರಾಗಿ ಅಲುಗಿಸಿದಳು. ಯಜಮಾನರು ರೆಪ್ಪೆ ಅರೆಬರೆ ಎತ್ತಿ ಏನೋ ಹೇಳಹೊರಟು, ಮಾತಿನ ನಡುವೆಯೇ ಜಾರಿಹೋದರು. ಅದು ನಿದ್ದೆಯಲ್ಲ. ನೋವಿನ ಔಷಧಿ ಮೈಗೆ ಹೆಚ್ಚಾಗಿ, ಉಸಿರಾಡುವುದನ್ನೇ ಮರೆಸುತ್ತಿತ್ತು. ಮೂಗಿಗೆ ಆಕ್ಸಿಜನ್ ಬಿಟ್ಟಿದ್ದರಿಂದ ಯಂತ್ರ ಇನ್ನೂ ಸುಳ್ಳು ಸಮಾಧಾನ ಹೇಳುತ್ತಲೇ ಇತ್ತು.

ಇಪ್ಪತ್ತು ಒಂದರ ಹಿಂದೊಂದು ಕೆಲಸ ಹಿಡಿದಳು. ಡ್ರಿಪ್ ನಿಲ್ಲಿಸಿದಳು, ಮಂಚದ ತಲೆಭಾಗ ಎತ್ತಿದಳು, ಗಲ್ಲ ಹಿಡಿದೆತ್ತಿ ಉಸಿರಿಗೆ ದಾರಿ ಮಾಡಿದಳು. ಜೊತೆಯವಳಿಗೆ ಕೂಗಿ ಹೇಳಿದಳು: "ಡಾಕ್ಟರನ್ನ ಕರಿ. ಉಸಿರು ನಿಮಿಷಕ್ಕೆ ಏಳು, ಎಬ್ಬಿಸಿದ್ರೂ ಎಚ್ಚರ ನಿಲ್ತಿಲ್ಲ ಅಂತ ಹೇಳು. ನೋವಿನ ಔಷಧಿಯ ಅಮಲು ಇಳಿಸೋ ಇಂಜೆಕ್ಷನ್ ತಗೊಂಡು ಬಾ." ಆಮೇಲೆ ದೊಡ್ಡಕ್ಕನ ಕಡೆ ತಿರುಗಿದಳು.

"ನೀವು ಹೊರಗೆ ನಿಲ್ಲಿ."

"ನಾನಾ? ನಾನು ಹಿಡ್ಕೊಳ್ತೀನಿ..."

"ನೀವು ಈಗ ಮನೆಯವರು, ದೊಡ್ಡಕ್ಕ. ಹೊರಗೆ ನಿಲ್ಲಿ."

ಎಷ್ಟೋ ಜನ ಹೆಂಡಂದಿರನ್ನು, ತಾಯಂದಿರನ್ನು ಇದೇ ದನಿಯಲ್ಲಿ ಹೊರಗೆ ಕಳಿಸಿದ್ದವಳು ದೊಡ್ಡಕ್ಕ. ಡಾಕ್ಟರು ಅವಳನ್ನು ದಾಟಿ ಓಡಿದರು. ಮಂಚದ ಸುತ್ತ ಎಳೆದ ಪರದೆಯ ಈಚೆ ಕಡೆ ಬೆಂಚಿನ ತುದಿಯಲ್ಲಿ ದೊಡ್ಡಕ್ಕ ಕೂತಳು. ಹೊದಿಕೆ ಸರಿಸು ಎಂದು ಊರಿಗೆಲ್ಲ ಹೇಳಿದವಳು ತಾನೇ ಹೊದೆಸಿ ಕೂತಿದ್ದಳಲ್ಲ!

ಪಕ್ಕದಲ್ಲಿದ್ದ ಅಜ್ಜಿ ಕೇಳಿದಳು: "ಒಳಗೆ ಯಾರಮ್ಮಾ ಇರೋದು?"

"ನಮ್ಮ ಯಜಮಾನರು." ಬೆನ್ನು ನೆಟ್ಟಗೆ ಮಾಡಿಕೊಂಡಳು. "ಜೊತೇಲಿ ನಮ್ಮ ಹುಡುಗಿ ಇದ್ದಾಳೆ. ನಾನೇ ಕಲಿಸಿದ್ದು."

ಅಷ್ಟು ಹೇಳುವಾಗ ಭಯ ಹೋಗಿರಲಿಲ್ಲ. ಆದರೆ ಆ ಭಯದ ನಡುವೆಯೂ ಅವಳಿಗೆ ಹೆಮ್ಮೆಯಾಯಿತು, ಇದ್ದದ್ದನ್ನು ಇದ್ದಹಾಗೆ ಹೇಳಬೇಕು.

ಕೊನೆಗೆ ಒಳಗಿನಿಂದ ಮೂರು ಬೀದಿಯ ದನಿ ಎದ್ದಿತು: "ಯಾರ್ರೀ ಅದು? ಹಾಯಾಗಿ ಮಲಗಿದ್ದೆ, ಎಬ್ಬಿಸಿ ಹಾಕಿದ್ರಲ್ಲ!" ಡಾಕ್ಟರು ನಗುತ್ತ ಹೊರಗೆ ಬಂದು, "ಸರಿಯಾದ ಹೊತ್ತಿಗೆ ಕರೆದಳಮ್ಮ. ಇನ್ನು ಚಿಂತೆಯಿಲ್ಲ, ಕಣ್ಣಿಟ್ಟಿರ್ತೀವಿ," ಎಂದರು.

ಇಪ್ಪತ್ತು ಬಂದು ಪಕ್ಕದಲ್ಲಿ ಕೂತಳು. ದೊಡ್ಡಕ್ಕನ ಮಣಿಕಟ್ಟು ಹಿಡಿದುಕೊಂಡಳು, ನಾಡಿ ನೋಡುವವಳ ಹಾಗೆ. ಅವಳ ಕಣ್ಣು ಎಲ್ಲಿದೆಯೆಂದು ದೊಡ್ಡಕ್ಕನಿಗೆ ನೋಡದೆಯೇ ಗೊತ್ತಾಯಿತು. ಗೊತ್ತಾದದ್ದೇ ತಡ, ಅಲ್ಲಿಯವರೆಗೆ ಕಟ್ಟಿಹಿಡಿದಿದ್ದ ಅಳು ಬಿಕ್ಕಿ ಬಿಕ್ಕಿ ಬಂತು.

"ಹೀಗೆ ಬಿಕ್ಕಿದ್ರೆ ನಾನು ಎಷ್ಟು ಅಂತ ಬರ್ಕೊಳ್ಳಲಿ, ದೊಡ್ಡಕ್ಕ?"

ದೊಡ್ಡಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಪ್ಪತ್ತು ಅಂತ ಬರ್ಕೊಳ್ಳೇ," ಎಂದಳು.